ಹೆಡ್‌ಲೈಟಿನೊಳಗೆ ಹೊಕ್ಕಿದ್ದು ನೀರೋ, ಗಾಳಿಯೋ?

ಕಳೆದ ಆಟಿ ತಿಂಗಳ ಒಂದು ಬೆಳಗ್ಗೆ. ರಾತ್ರಿಯಿಡೀ ಹೊಡೆದ ಮಳೆ ತುಸು ಹೊಳವಾಗಿತ್ತು. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಂಗಳಕ್ಕೆ ನೆರೆಯ ತೋಟದ ಭಾವ ತನ್ನ ಹೊಸ ಕಾರನ್ನು ತಂದು ನಿಲ್ಲಿಸಿ, ಇಳಿಯುವ ಮೊದಲೇ ಕೂಗಿದ: “ಭಾವಾ, ಇದನ್ನೊಮ್ಮೆ ಬಂದು ನೋಡು. ಕಾರು ತಂದು ಇಪ್ಪತ್ತು ದಿನ ಆಗಿಲ್ಲ, ಆಗಲೇ ಕಣ್ಣಿಗೆ ಪೊರೆ ಬಂದಿದೆ.”

ಬಗ್ಗಿ ನೋಡಿದೆ. ಎಡಗಡೆಯ ಹೆಡ್‌ಲೈಟಿನ ಕೆಳಮೂಲೆಯಲ್ಲಿ, ಬಂಪರಿನ ಅಂಚಿಗೆ ತಾಗಿದಂತೆ, ವೀಳ್ಯದೆಲೆಯಷ್ಟು ಅಗಲದ ಮಬ್ಬು. ಬೆರಳಿನಿಂದ ಉಜ್ಜಿದರೆ ಹೋಗುವಂಥದ್ದಲ್ಲ, ಅದು ಇದ್ದದ್ದು ಒಳಗಡೆ. ಕಣ್ಣನ್ನು ಇನ್ನಷ್ಟು ಹತ್ತಿರ ಒಯ್ದರೆ ಆ ಮಬ್ಬೆಲ್ಲ ಸಾಸಿವೆಗಿಂತ ಎಷ್ಟೋ ಪಾಲು ಸಣ್ಣ ಹನಿಗಳು, ಒಂದಕ್ಕೊಂದು ಒತ್ತಿ ಕುಳಿತವು. ಕೆಳಗೆ ಹರಿದ ಗೆರೆ ಒಂದೂ ಇಲ್ಲ, ತಳದಲ್ಲಿ ನಿಂತ ನೀರಿಲ್ಲ. ಬಲಗಡೆಯ ದೀಪದಲ್ಲಿಯೂ ಅದೇ ಮೂಲೆಯಲ್ಲಿ ಅಂಥದೇ ಮಬ್ಬಿತ್ತು, ಸ್ವಲ್ಪ ಚಿಕ್ಕದು. ಅದು ಭಾವನ ಕಣ್ಣಿಗೆ ಬಿದ್ದಿರಲಿಲ್ಲ.

ಪೇಟೆಯ ಮೆಕ್ಯಾನಿಕ್ ಮೊಬೈಲಿನಲ್ಲಿ ಫೋಟೊ ನೋಡಿಯೇ “ವೆಳ್ಳಂ ಕೇರಿ” ಎಂದು ಮಲಯಾಳದಲ್ಲಿ ತೀರ್ಪು ಕೊಟ್ಟಿದ್ದನಂತೆ. ಭಾವ ಅದನ್ನೇ “ನೀರು ಹೊಕ್ಕಿದೆ” ಎಂದು ಕನ್ನಡದಲ್ಲಿ ಮನೆಯವರಿಗೆ ಹೇಳಿ ಮಂಗಳೂರಿನ ಸರ್ವಿಸ್ ಸೆಂಟರಿಗೆ ಹೊರಟು ನಿಂತಿದ್ದ. ನಾನೂ ಜೊತೆಗೆ ಕುಳಿತೆ. ಹಗಲಾದರೂ ಹೆಡ್‌ಲೈಟ್ ಹಾಕಿಕೊಂಡೇ ಹೋಗೋಣ ಎಂದೆ. ನೀರ್ಚಾಲಿನಲ್ಲಿ ಇಳಿದು ನೋಡಿದಾಗ ಮಬ್ಬು ಅರ್ಧಕ್ಕರ್ಧ ಕರಗಿತ್ತು. ಕುಂಬಳೆಯಲ್ಲಿ ಚಹಾ ಕುಡಿದು ನೋಡುವಾಗ ಎರಡೂ ದೀಪಗಳು ತಿಳಿಯಾಗಿದ್ದವು. ಹೆದ್ದಾರಿಗೆ ಹತ್ತದೆ ಅಲ್ಲಿಂದಲೇ ಕಾರು ತಿರುಗಿಸಿದೆವು.

ಆ ದಾರಿಯಲ್ಲಿ ಭಾವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲಿ ಜೂನ್ ಬಂತೆಂದರೆ ಈ ಪ್ರಶ್ನೆ ಎಲ್ಲ ಕಡೆ ಏಳುತ್ತದೆ. ಏನೂ ಕೆಡದ ದೀಪವನ್ನು ಕೆಟ್ಟಿತೆಂದು ಬದಲಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರನ್ನು ನೋಡಿದ್ದೇನೆ. “ಮಳೆಗಾಲದ ಮಬ್ಬು, ತಾನಾಗಿ ಹೋಗುತ್ತದೆ” ಎಂದು ಸುಮ್ಮನಿದ್ದು, ನಿಜವಾಗಿ ಸೋರುತ್ತಿದ್ದ ದೀಪವನ್ನು ಕೊಳೆಸಿಕೊಂಡವರನ್ನೂ ನೋಡಿದ್ದೇನೆ. ಎರಡನೆಯದು ನನ್ನ ಸ್ವಂತ ಕಾರಿನಲ್ಲೇ ನಡೆದದ್ದು, ಅದನ್ನು ಮುಂದೆ ಹೇಳುತ್ತೇನೆ. ಗೊಂದಲದ ಬೇರು ನಾವು ಆಡುವ ಮಾತಿನಲ್ಲೇ ಇದೆ. ಕನ್ನಡವಿರಲಿ, ಮಲಯಾಳವಿರಲಿ, ನೀರು ಹೊಕ್ಕಿದೆ ಎಂದೇ ಹೇಳುತ್ತೇವೆ. ಭಾವನ ದೀಪದೊಳಗೆ ಹೊಕ್ಕಿದ್ದು ನೀರಲ್ಲ, ಗಾಳಿ. ಗಾಳಿ ಹೊಗುವುದು ತಪ್ಪಲ್ಲ. ಅದು ಹೊಗಲೆಂದೇ ದೀಪದ ಬೆನ್ನಿಗೆ ಬಾಗಿಲು ಇಟ್ಟಿರುತ್ತಾರೆ.

ಬಾಗಿಲು ಯಾಕೆ? ಮಿಠಾಯಿ ಬಾಟಲಿಯ ಹಾಗೆ ಗಟ್ಟಿಯಾಗಿ ಮುಚ್ಚಿಬಿಟ್ಟರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ದೀಪ ಉರಿಯುವಾಗ ಒಳಗಿನ ಗಾಳಿ ಕಾಯುತ್ತದೆ. ಎಂಜಿನ್ನಿನ ಬಿಸಿಯೂ ಸೇರಿ 25 ಡಿಗ್ರಿಯಲ್ಲಿದ್ದದ್ದು 75 ಡಿಗ್ರಿಗೆ ಏರಿತೆನ್ನಿ. ಹಿಗ್ಗಲು ಜಾಗವಿಲ್ಲದ ಗಾಳಿಯ ಒತ್ತಡ ಆಗ ನೂರಕ್ಕೆ ಸುಮಾರು ಹದಿನೇಳರಷ್ಟು ಹೆಚ್ಚುತ್ತದೆ. ಕೇಳುವುದಕ್ಕೆ ಅಲ್ಪವೆನಿಸುತ್ತದೆ. ಆದರೆ ಅದು ಪ್ರತಿ ಚದರ ಸೆಂಟಿಮೀಟರಿಗೆ 170 ಗ್ರಾಂ ಭಾರ ಹೇರಿದಂತೆ. ದೀಪದ ಮುಂಭಾಗ 600 ಚದರ ಸೆಂಟಿಮೀಟರ್ ಇದ್ದರೆ ಒಳಗಿನಿಂದ ತಳ್ಳುವ ಬಲ ನೂರು ಕಿಲೋ ದಾಟುತ್ತದೆ. ಐವತ್ತು ಕಿಲೋದ ಎರಡು ಅಕ್ಕಿಮೂಟೆಗಳನ್ನು ಗ್ಲಾಸಿಗೆ ಒಳಗಿನಿಂದ ಒರಗಿಸಿದ ಹಾಗೆ. ದೀಪ ಆರಿಸಿದಾಗ ಇದೇ ಬಲ ತಿರುವುಮುರುವಾಗಿ ಒಳಕ್ಕೆ ಎಳೆಯುತ್ತದೆ. ದಿನಕ್ಕೆ ನಾಲ್ಕು ಸಲ ಹೀಗೆ ತಳ್ಳಿ ಎಳೆದರೆ ಗ್ಲಾಸನ್ನು ಹಿಡಿದಿಟ್ಟ ಅಂಟು ಎಷ್ಟು ದಿನ ತಡೆದೀತು? ಒಂದು ಕಡೆ ಅಂಟು ಬಿಟ್ಟಿತೆಂದರೆ ಆಮೇಲೆ ಹೊಗುವುದು ಗಾಳಿಯಲ್ಲ, ಮಳೆನೀರೇ.

ಪೂರ್ತಿ ಮುಚ್ಚಿದ ದೀಪಗಳೂ ಒಂದು ಕಾಲದಲ್ಲಿ ಇದ್ದವು. ಅಮೆರಿಕದಲ್ಲಿ 1940ರಿಂದ ನಾಲ್ಕು ದಶಕಗಳ ಕಾಲ ಎಲ್ಲ ಕಾರುಗಳಿಗೂ ಸೀಲ್ಡ್ ಬೀಮ್ ಎಂಬ ದೀಪವೇ ಇತ್ತು. ತಂತಿ, ಕನ್ನಡಿ, ಗಾಜು ಎಲ್ಲ ಸೇರಿ ಒಂದೇ ದೊಡ್ಡ ಬಲ್ಬ್. ದಪ್ಪ ಗಾಜು, ಹೆಚ್ಚಾಗಿ ದುಂಡು ಆಕಾರ, ಕೆಟ್ಟರೆ ಇಡಿಯಾಗಿ ಬದಲಿಸುವುದು. ದುಂಡಗಿನ ಗಾಜಿಗೆ ಒತ್ತಡ ತಡೆಯುವ ಶಕ್ತಿ ಇತ್ತು. ಈಗಿನ ದೀಪ ಹಾಗಲ್ಲ. ನಾವು ಗ್ಲಾಸ್ ಎಂದು ಕರೆಯುವುದು ಗಾಜೇ ಅಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಕಲ್ಲು ಸಿಡಿದರೂ ಸುಲಭವಾಗಿ ಒಡೆಯದು, ಬೇಕಾದ ಆಕಾರಕ್ಕೆ ಬಾಗಿಸಬಹುದು. ಹಾಗಾಗಿ ದೀಪ ದೊಡ್ಡದಾಯಿತು, ಬಾನೆಟಿನ ಮೇಲಕ್ಕೂ ಬದಿಗೂ ಚಾಚಿತು, ಚೂಪು ಮೂಲೆಗಳು ಬಂದವು. ಹಿಂದಿನಿಂದ ಬಲ್ಬ್, ವೈರು, ಬೆಳಕಿನ ಮಟ್ಟ ಸರಿಪಡಿಸುವ ತಿರುಪು ಎಲ್ಲ ಒಳಹೊಕ್ಕವು. ಅದನ್ನು ಮಿಠಾಯಿ ಬಾಟಲಿಯಂತೆ ಮುಚ್ಚುವುದು ಆಗುವ ಮಾತಲ್ಲ. ಆದ್ದರಿಂದ ಉಸಿರಾಡಲು ಬಿಟ್ಟರು.

ಉಸಿರು ಎಂಬ ಮಾತನ್ನು ಅಲಂಕಾರಕ್ಕೆ ಬಳಸಿದ್ದಲ್ಲ. ಕಾದಾಗ ಒಳಗಿನ ಗಾಳಿಯ ಏಳರಲ್ಲಿ ಒಂದು ಪಾಲು ಹೊರಗೆ ಹೋಗುತ್ತದೆ, ತಣಿದಾಗ ಅಷ್ಟೇ ಗಾಳಿ ಹೊರಗಿನಿಂದ ಒಳಗೆ ಬರುತ್ತದೆ. ಈ ಹೋಗಿ ಬರುವಿಕೆಗೆ ದೀಪದ ಹಿಂಬದಿಯಲ್ಲಿ ಎರಡೋ ಮೂರೋ ಕಿಂಡಿಗಳು. ಕೆಲವು ಕಾರುಗಳಲ್ಲಿ ಕಿಂಡಿಗೆ ಬಾಗಿದ ಸಣ್ಣ ರಬ್ಬರ್ ನಳಿಗೆ ಇರುತ್ತದೆ, ಬಾಯಿ ಕೆಳಮುಖ. ಎರಚಿದ ನೀರು ಮೇಲಕ್ಕೆ ಹತ್ತುವುದಿಲ್ಲ, ಗಾಳಿಗೆ ತಡೆಯಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಕಿಂಡಿಯ ಮೇಲೆ ನಾಣ್ಯದಷ್ಟು ಅಗಲದ ಬಿಳಿಯ ತೆಳು ಪೊರೆ ಅಂಟಿಸಿರುತ್ತಾರೆ. ಆ ಪೊರೆ ಬಹಳ ಸೊಗಸಾದ ವಸ್ತು. ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ಟೆಫ್ಲಾನನ್ನೇ ಎಳೆದು ಮಾಡಿದ್ದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾಯಿಸಿದ ಟೆಫ್ಲಾನ್ ಸರಳನ್ನು ನಿಧಾನವಾಗಿ ಎಳೆಯುವ ಬದಲು ಒಮ್ಮೆಲೇ ಜಗ್ಗಿದಾಗ ಅದು ತುಂಡಾಗದೆ ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ಮೂಡಿದವು. ಮಳೆಹನಿಯ ಎದುರು ಆ ರಂಧ್ರ ಸಾವಿರ ಪಟ್ಟಿಗೂ ಮಿಕ್ಕಿ ಚಿಕ್ಕದು, ಜೊತೆಗೆ ಟೆಫ್ಲಾನಿಗೆ ನೀರು ಅಂಟುವುದೂ ಇಲ್ಲ. ಕೆಸುವಿನೆಲೆಯ ಮೇಲೆ ನೀರು ಉರುಳುತ್ತದಲ್ಲ, ಹಾಗೆ ಹನಿ ಹೊರಗೇ ಉಳಿಯುತ್ತದೆ. ನೀರಿನ ಆವಿಯ ಅಣುವಿಗೆ ಮಾತ್ರ ಅದೇ ರಂಧ್ರ ಹೆಬ್ಬಾಗಿಲಿನಷ್ಟು ದೊಡ್ಡದು. ಹಾಗಾಗಿ ಆವಿ ಬರುತ್ತದೆ, ಹೋಗುತ್ತದೆ. ನೀರನ್ನು ತಡೆದು ಆವಿಯನ್ನು ಬಿಡುವುದೇ ಪೊರೆಯ ಕೆಲಸ.

ಕಷ್ಟವಿರುವುದು ಆ ಆವಿಯಲ್ಲೇ, ಅದರಲ್ಲೂ ನಮ್ಮೂರಿನ ಆವಿಯಲ್ಲಿ.

ಗಾಳಿ ಹಿಡಿದಿಟ್ಟುಕೊಳ್ಳುವ ಆವಿಗೆ ಮಿತಿಯಿದೆ. ಬಿಸಿ ಗಾಳಿ ಹೆಚ್ಚು ಹಿಡಿಯುತ್ತದೆ, ತಣ್ಣನೆಯದು ಕಡಿಮೆ. ತಣಿಯುತ್ತ ಹೋದ ಗಾಳಿ ಒಂದು ಹಂತದಲ್ಲಿ “ಇನ್ನು ಹೊರಲಾರೆ” ಎಂದು ಹನಿಯಾಗಿ ಇಳಿಸುತ್ತದೆ. ಆ ಹಂತದ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಅಟ್ಟಿನಳಗೆಯಲ್ಲಿ ಇಡ್ಲಿ ಬೇಯುವಾಗ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುವುದು ಇದರಿಂದಲೇ. ಆ ಹನಿ ಇಡ್ಲಿಗೆ ಬೀಳದಿರಲೆಂದು ಅಮ್ಮ ಮುಚ್ಚಳಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದ ಸೋಲಾರ್ ಗೂಡಿನೊಳಗೆ ಬೆಳಗ್ಗೆ ಆರು ಗಂಟೆಗೆ ಹೋದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮಳೆಯೇ ಇಲ್ಲದ ಡಿಸೆಂಬರಿನಲ್ಲಿಯೂ ಹಾಳೆಯಿಂದ ಟಪಟಪನೆ ಹನಿ ತಲೆಗೆ ಬೀಳುತ್ತದೆ. ಹಾಳೆ ತೂತಾಗಿದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಅಡಿಕೆಯ ಪಸೆ ಮೇಲೆ ಹೋಗಿ ಕೂತದ್ದು ಎಂದು ಎಲ್ಲರಿಗೂ ತಿಳಿದಿದೆ.

ಮಳೆಗಾಲದಲ್ಲಿ ನಮ್ಮಲ್ಲಿ 28 ಡಿಗ್ರಿ ಉಷ್ಣತೆ, ನೂರಕ್ಕೆ 90 ಆರ್ದ್ರತೆ ಎನ್ನಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅಂದರೆ ಹೆಡ್‌ಲೈಟಿನ ಗ್ಲಾಸು ಒಳಗಿನ ಗಾಳಿಗಿಂತ ಬರೀ ಎರಡು ಡಿಗ್ರಿ ತಣ್ಣಗಾದರೆ ಸಾಕು, ಮಬ್ಬು ಕಟ್ಟುತ್ತದೆ. ಬಳ್ಳಾರಿಯ ಒಣ ಹವೆಯಲ್ಲಿ, 35 ಡಿಗ್ರಿ ಬಿಸಿ ಮತ್ತು ನೂರಕ್ಕೆ 30 ಆರ್ದ್ರತೆ ಇರುವ ದಿನ, ಅದೇ ಗ್ಲಾಸು ಇಪ್ಪತ್ತು ಡಿಗ್ರಿ ತಣಿಯಬೇಕಾಗುತ್ತದೆ. ಅಲ್ಲಿ ಅದೇ ಕಾರಿನ ಅದೇ ದೀಪ ವರ್ಷದ ಬಹುಪಾಲು ತಿಳಿಯಾಗಿರುತ್ತದೆ. ಬಯಲುಸೀಮೆಯ ನೆಂಟರ ಕಾರಿನಲ್ಲಿ ಮಬ್ಬಿಲ್ಲ, ನಮ್ಮದರಲ್ಲಿ ಇದೆ ಎಂದು ಕಾರಿನ ಮೇಲೆ ತಪ್ಪು ಹೊರಿಸುವ ಮೊದಲು ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಬ್ಬಿಗೆ ಎಷ್ಟು ನೀರು ಬೇಕು? ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಲೆಕ್ಕ ಇದು. ದೀಪದೊಳಗೆ ಐದು ಲೀಟರ್ ಗಾಳಿ ಹಿಡಿಯುತ್ತದೆ ಎಂದುಕೊಳ್ಳೋಣ. ಮೇಲೆ ಹೇಳಿದ ಹವೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ಆವಿ ಇರುತ್ತದೆ. ಐದು ಲೀಟರಿಗೆ 0.12 ಗ್ರಾಂ. ಕಣ್ಣಿಗೆ ಔಷಧಿ ಬಿಡುವ ಬಾಟಲಿಯ ಒಂದು ಹನಿ ಸುಮಾರು 0.05 ಗ್ರಾಂ ತೂಗುತ್ತದೆ. ಆದುದರಿಂದ ಇಡೀ ದೀಪದ ಗಾಳಿಯಲ್ಲಿರುವ ಆವಿಯನ್ನೆಲ್ಲ ಹಿಂಡಿ ತೆಗೆದರೂ ಎರಡೂವರೆ ಹನಿ. ಮಳೆ ಸುರಿದು ಒಳಗಿನ ಗಾಳಿಯೆಲ್ಲ 23 ಡಿಗ್ರಿಗೆ ಇಳಿದರೆ ಅದರಲ್ಲಿ ಹನಿಗಟ್ಟುವುದು 0.02 ಗ್ರಾಂ, ಅರ್ಧ ಹನಿಯೂ ಅಲ್ಲ. ಆ ಅರೆಹನಿ ಅಂಗೈಯಷ್ಟು ಜಾಗದಲ್ಲಿ ಹರಡಿಕೊಂಡರೆ ಅದರ ದಪ್ಪ ತಲೆಗೂದಲಿನ ಮೂವತ್ತರಲ್ಲಿ ಒಂದು ಪಾಲು. ಇಷ್ಟೇ ಇಷ್ಟು ನೀರು ಗ್ಲಾಸನ್ನು ಬೆಳ್ಳಗೆ ಮಾಡಿ ನಮ್ಮ ಎದೆ ಧಸಕ್ಕೆನ್ನುವಂತೆ ಮಾಡುತ್ತದೆ. ಲಕ್ಷಾಂತರ ಪುಟ್ಟ ಹನಿಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಹಾಗೆ ಕಾಣುವುದು. ಅದೇ ನೀರು ಹನಿಯಾಗದೆ ಸಮನಾಗಿ ಹರಡಿದ್ದರೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

ಈಗ ತಳದಲ್ಲಿ ಒಂದು ಟೀ ಚಮಚ ನೀರು ನಿಂತಿದೆ ಎನ್ನಿ, ಐದು ಗ್ರಾಂ. ನಲವತ್ತು ದೀಪಗಳು ತುಂಬುವಷ್ಟು ಗಾಳಿಯ ಆವಿಯನ್ನೆಲ್ಲ ಹಿಂಡಿದರೆ ಸಿಗುವ ನೀರು ಅದು. ಬಂದ ಆವಿಯೊಂದೂ ಹೊರಗೆ ಹೋಗದೆ ಅಲ್ಲೇ ಕೂತರೂ ಗಾಳಿ ನಲವತ್ತು ಬಾರಿ ಪೂರ್ತಿಯಾಗಿ ಬದಲಾಗಬೇಕು. ಉಸಿರಾಟದಿಂದ ಅದು ನಡೆಯುವ ಕೆಲಸವಲ್ಲ. ಚಮಚದಷ್ಟು ನೀರು ನಿಂತಿದ್ದರೆ ಅದು ನೀರಾಗಿಯೇ ಒಳಗೆ ಬಂದದ್ದು, ಎಲ್ಲೋ ಒಂದು ದಾರಿ ತೆರೆದಿದೆ. ಮಬ್ಬಿಗೂ ಸೋರಿಕೆಗೂ ಇರುವ ಅಂತರ ಇಷ್ಟು ದೊಡ್ಡದು.

ಗಾಳಿಯ ಆವಿಗೆ ಇನ್ನೊಂದು ಸಣ್ಣ ಉಗ್ರಾಣವೂ ಸೇರಿಕೊಳ್ಳುತ್ತದೆ, ಪ್ಲಾಸ್ಟಿಕ್ಕೇ ಅದು. ಪಾಲಿಕಾರ್ಬೊನೇಟ್ ನೋಡಲು ಗಾಜಿನ ಹಾಗೆ ಇದ್ದರೂ ತನ್ನ ತೂಕದ ನೂರಕ್ಕೆ 0.15ರಿಂದ 0.3ರಷ್ಟು ನೀರನ್ನು ಹವೆಯಿಂದ ಹೀರಿಕೊಳ್ಳುತ್ತದೆ. ಅರ್ಧ ಕಿಲೋ ತೂಗುವ ಗ್ಲಾಸಿನಲ್ಲಿ ಒಂದು ಗ್ರಾಂ ಆಸುಪಾಸು, ಒಳಗಿನ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತಿಂಗಳುಗಟ್ಟಲೆ ತೇವದಲ್ಲಿ ನಿಂತ ಕಾರನ್ನು ಬಿಸಿಲಿಗೆ ಇಟ್ಟಾಗ ಆ ಪಸೆ ಮೆಲ್ಲನೆ ಹೊರಬೀಳುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ಮೊದಲ ಸಂಜೆ, ಮಳೆಯೇ ಇಲ್ಲದೆ ಮಬ್ಬು ಕಂಡು ಗಾಬರಿಯಾಗುವವರಿಗೆ ಇದು ಉತ್ತರ.

ಹಾಗಾದರೆ ಮಬ್ಬು ಯಾವಾಗ ಕಟ್ಟುತ್ತದೆ ಎಂಬುದನ್ನು ಊಹಿಸುವುದು ಸುಲಭ. ಉತ್ಸವಕ್ಕೆಂದು ಮಧೂರಿಗೆ ಹೋಗಿ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೀರಿ, ಸಂಜೆ ಒಮ್ಮೆಲೇ ಮಳೆ ಹೊಡೆಯಿತು: ಒಳಗೆ ಬೆಚ್ಚನೆಯ ತೇವದ ಗಾಳಿ, ಹೊರಗೆ ತಣ್ಣೀರು ಬಿದ್ದ ಗ್ಲಾಸು. ದೂರ ಓಡಿಸಿ ಬಂದ ಕೂಡಲೇ ಕಾರು ತೊಳೆದರೂ ಇದೇ. ಡಿಸೆಂಬರ್, ಜನವರಿಯ ನಿರ್ಮಲ ರಾತ್ರಿಗಳಲ್ಲಿ ಬೇರೆಯದೇ ಕಾರಣ. ಆಕಾಶಕ್ಕೆ ಮುಖ ಮಾಡಿದ ಗ್ಲಾಸು ತನ್ನ ಬಿಸಿಯನ್ನು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅಂಗಳದಲ್ಲಿ ನಿಂತ ಕಾರಿನ ದೀಪದಲ್ಲಿ ಬೆಳಗ್ಗೆ ಮಬ್ಬಿರುತ್ತದೆ, ಪಕ್ಕದಲ್ಲೇ ಮಾಡಿನಡಿ ನಿಂತ ಕಾರಿನಲ್ಲಿ ಇರುವುದಿಲ್ಲ. ಯಾವಾಗಲೂ ಮೂಲೆಯಲ್ಲೇ ಕಾಣಿಸಿಕೊಳ್ಳುವುದಕ್ಕೂ ಕಾರಣವಿದೆ. ಬಲ್ಬಿನಿಂದ ದೂರವಾದ ಚೂಪು ಮೂಲೆಗೆ ಬಿಸಿಯೂ ಮುಟ್ಟುವುದಿಲ್ಲ, ಒಳಗಿನ ಗಾಳಿಯ ಸುತ್ತಾಟವೂ ಮುಟ್ಟುವುದಿಲ್ಲ.

ಇಲ್ಲಿಗೆ ಎಲ್‌ಇಡಿಯ ಮಾತು ಬರಲೇಬೇಕು. “ಹಳೆಯ ಕಾರಿನಲ್ಲಿ ಇಷ್ಟೊಂದು ಇರಲಿಲ್ಲವಲ್ಲ” ಎಂದು ಭಾವ ಕೇಳಿದ. ನಿಜ, ಇರಲಿಲ್ಲ. ಹಳೆಯ ಹ್ಯಾಲೊಜೆನ್ ಬಲ್ಬು 55, 60 ವ್ಯಾಟಿನದು. ಅದರ ಶಕ್ತಿಯ ಬಹುಪಾಲು ಬೆಳಕಾಗುವುದಿಲ್ಲ, ಶಾಖದ ಕಿರಣವಾಗಿ ಬೆಳಕಿನ ಜೊತೆಗೇ ಮುಂದಕ್ಕೆ ಹೋಗಿ ಗ್ಲಾಸಿಗೆ ಬಡಿಯುತ್ತದೆ. ಮಳೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದು ಹ್ಯಾಲೊಜೆನ್ ದೀಪದ ಗ್ಲಾಸನ್ನು ಮುಟ್ಟಿ ನೋಡಿ, ನಡುಭಾಗ ಬೆಚ್ಚಗಿರುತ್ತದೆ. ಆ ವ್ಯರ್ಥ ಶಾಖ ಯಾರೂ ಹೇಳದೆಯೇ ಗ್ಲಾಸನ್ನು ಒಣಗಿಸುವ ಕೆಲಸ ಮಾಡುತ್ತಿತ್ತು. 2007ರಲ್ಲಿ ಲೆಕ್ಸಸ್ ಕಾರೊಂದರಲ್ಲಿ ಮೊದಲ ಬಾರಿಗೆ ಎಲ್‌ಇಡಿ ಲೋಬೀಮ್, ಅಂದರೆ ತಗ್ಗಿಸಿದ ಬೆಳಕಿನ ದೀಪ, ಬಂದ ಮೇಲೆ ಮೆಲ್ಲಮೆಲ್ಲನೆ ಸಣ್ಣ ಕಾರುಗಳಿಗೂ ಅದು ಇಳಿಯಿತು. ಎಲ್‌ಇಡಿ ಇಪ್ಪತ್ತು ವ್ಯಾಟಿನ ಆಸುಪಾಸಿನಲ್ಲೇ ಅಷ್ಟು ಬೆಳಕು ಕೊಡುತ್ತದೆ, ಅದರ ಬೆಳಕಿನಲ್ಲಿ ಶಾಖದ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಶಾಖ ಹುಟ್ಟುವುದೆಲ್ಲ ಬೆಳಕು ಕೊಡುವ ಪುಟ್ಟ ಚಿಪ್‌ನ ಬೆನ್ನಿನಲ್ಲಿ, ಅಲ್ಯೂಮಿನಿಯಂ ತುಂಡಿನ ಮೂಲಕ ಹಿಂದಕ್ಕೆ ಹೋಗುತ್ತದೆ. ಗ್ಲಾಸು ತಣ್ಣಗೇ ಉಳಿಯುತ್ತದೆ, ಕಟ್ಟಿದ ಮಬ್ಬು ಕರಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ವಿದ್ಯುತ್ ಉಳಿಸಿದ್ದಕ್ಕೆ ತೆತ್ತ ಬೆಲೆಯಿದು, ಕೆಟ್ಟ ಕೆಲಸಗಾರಿಕೆಯ ಗುರುತಲ್ಲ.

ಜೊತೆಗೆ ಹಿಂದಿನ ಅಂಬಾಸಡರ್, ಜೀಪುಗಳ ದೀಪದ ಗಾಜಿಗೆ ಗೆರೆಗೆರೆಯ ಅಚ್ಚು ಇರುತ್ತಿತ್ತು, ಬೆಳಕನ್ನು ರಸ್ತೆಗೆ ಹಂಚುವ ಕೆಲಸ ಆ ಗೆರೆಗಳದ್ದು. ಒಳಗೆ ಪಸೆಯಿದ್ದರೂ ಕಾಣುತ್ತಿರಲಿಲ್ಲ. ಈಗ ಆ ಕೆಲಸವನ್ನು ಒಳಗಿನ ಕನ್ನಡಿಯೋ ಮಸೂರವೋ ಮಾಡುತ್ತದೆ, ಹೊರಗಿನ ಗ್ಲಾಸು ಶುದ್ಧ ಸ್ಫಟಿಕ. ಅರೆಹನಿ ಕೂತರೂ ಎದ್ದು ಕಾಣುತ್ತದೆ.

ತಯಾರಕರು ಇದನ್ನು ಬಲ್ಲರು. ಗ್ಲಾಸಿನ ಒಳಮೈಗೆ ನೀರನ್ನು ಹನಿಗಟ್ಟಲು ಬಿಡದೆ ತೆಳುವಾಗಿ ಹರಡಿಸುವ ಲೇಪ ಹಚ್ಚುತ್ತಾರೆ. ಕೆಲವರು ಪಸೆ ಹೀರುವ ಪುಡಿಯ ಸಣ್ಣ ಚೀಲ ಇಡುತ್ತಾರೆ, ಮಾತ್ರೆ ಡಬ್ಬಿಯೊಳಗೆ ಇರುವಂಥದ್ದು. ಆದರೂ ಹೆಚ್ಚಿನ ಕಾರುಗಳ ಕೈಪಿಡಿಯಲ್ಲಿ, ಮಳೆಯಲ್ಲಿ ಅಥವಾ ತೊಳೆದ ಮೇಲೆ ಒಳಗೆ ಮಬ್ಬು ಕಟ್ಟಬಹುದು, ದೀಪ ಹಾಕಿ ಓಡಿಸಿದರೆ ಹೋಗುತ್ತದೆ, ಇದು ದೋಷವಲ್ಲ ಎಂಬ ಅರ್ಥದ ಸಾಲು ಇರುತ್ತದೆ. ಕಾರು ಕೊಳ್ಳುವಾಗ ಬಣ್ಣದ ಬಗ್ಗೆ ಅರ್ಧ ಗಂಟೆ ಮಾತಾಡುವ ಮಾರಾಟಗಾರರು ಈ ಒಂದು ಸಾಲನ್ನು ಓದಿ ಹೇಳಿದ್ದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತಿತ್ತು.

ಇನ್ನು ನನ್ನ ಕಾರಿನ ಕತೆ. ರಾತ್ರಿ ಪೆರ್ಲ, ಅಡ್ಕಸ್ಥಳದ ತಿರುವುಗಳಲ್ಲಿ ಬೆಳಕು ಸಾಲದೆಂದು ಹ್ಯಾಲೊಜೆನ್ ತೆಗೆಸಿ, ಅದೇ ದೀಪಕ್ಕೆ ಹೊರಗಿನಿಂದ ತಂದ ಎಲ್‌ಇಡಿ ಬಲ್ಬು ಹಾಕಿಸಿದ್ದೆ. ಅಂಥ ಬಲ್ಬಿನ ಬೆನ್ನಿಗೆ ಪುಟ್ಟ ಫ್ಯಾನ್ ಇರುತ್ತದೆ, ಉದ್ದವೂ ಜಾಸ್ತಿ. ದೀಪದ ಹಿಂದಿನ ರಬ್ಬರ್ ಮುಚ್ಚಳ ಅದರ ಮೇಲೆ ಕೂರಲಿಲ್ಲ. ಅಂಗಡಿಯಾತ ಮುಚ್ಚಳದ ನಡುವನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ, ಫ್ಯಾನನ್ನು ಹೊರಗೆ ಬಿಟ್ಟು, ಸುತ್ತ ಇನ್ಸುಲೇಶನ್ ಟೇಪು ಸುತ್ತಿದ. ಮೊದಲ ಮಳೆಗಾಲ ಎಡದೀಪದಲ್ಲಿ ಮಬ್ಬು. ಹೋಗುತ್ತದೆ ಎಂದುಕೊಂಡೆ. ವಾರ ಕಳೆದರೂ ಹೋಗಲಿಲ್ಲ. ಎರಡನೆಯ ಮಳೆಗಾಲದಲ್ಲಿ ಒಂದು ದಿನ ಬ್ರೇಕ್ ಹಾಕಿದಾಗ ದೀಪದೊಳಗೆ ನೀರು ಮುಂದಕ್ಕೂ ಹಿಂದಕ್ಕೂ ತುಳುಕಿದ್ದನ್ನು ಮಗಳು ಹೊರಗೆ ನಿಂತು ನೋಡಿ ಹೇಳಿದಳು. ಬಿಚ್ಚಿದಾಗ ಟೇಪಿನ ಅಂಟು ಬಿಸಿಗೆ ಕರಗಿ ಜಾರಿತ್ತು. ಎಂಜಿನ್ ಕಡೆಯಿಂದ ಎರಚಿದ ನೀರಿಗೆ ಆ ತೂತೇ ಬಾಗಿಲಾಗಿತ್ತು. ವೈರು ಜೋಡಿಸುವ ಕಪ್ಲರಿನ ಪಿನ್ನುಗಳ ಮೇಲೆ ಹಸಿರು ಕಿಲುಬು, ಒಂದು ಪಿನ್ನು ಮುಟ್ಟಿದೊಡನೆ ಮುರಿಯಿತು. ಕನ್ನಡಿಯ ಹೊಳಪೆಂದರೆ ಪ್ಲಾಸ್ಟಿಕ್ಕಿನ ಮೇಲೆ ಬಹಳ ತೆಳುವಾಗಿ ಕೂರಿಸಿದ ಅಲ್ಯೂಮಿನಿಯಂ, ನೀರು ನಿಂತ ಮಟ್ಟದವರೆಗೆ ಅದು ಬೂದಿಬಣ್ಣಕ್ಕೆ ತಿರುಗಿತ್ತು.

ಇಂಥ ಬದಲಾವಣೆಯನ್ನು ಮಾಡಿಸಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು. ಹ್ಯಾಲೊಜೆನ್ ತಂತಿ ಎಲ್ಲಿ ಉರಿಯುತ್ತದೋ ಆ ಬಿಂದುವಿಗೆ ಹೊಂದಿಸಿ ಕನ್ನಡಿ ಮಾಡಿರುತ್ತಾರೆ. ಬೇರೆ ಬೆಳಕು ಕೂರಿಸಿದರೆ ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ. ನೀರಿನ ಬಾಧೆ ಅದರ ಮೇಲೆ.

ಸೋರಿಕೆಯನ್ನು ಗುರುತಿಸಲು ಉಪಕರಣ ಬೇಡ. ನೋಡಬೇಕಾದದ್ದು ಹನಿಯ ಗಾತ್ರ: ಬೇರೆಬೇರೆಯಾಗಿ ಎಣಿಸಬಹುದಾದ ದಪ್ಪ ಹನಿ, ಕಣ್ಣೀರಿಳಿದಂತಹ ಗೆರೆ, ತಳದಲ್ಲಿ ನಿಂತ ನೀರು, ಕೆಂಪು ಮಣ್ಣಿನ ಕಲೆ, ಇವುಗಳಲ್ಲಿ ಯಾವುದಿದ್ದರೂ ಸೋರಿಕೆ. ನೋಡಬೇಕಾದ ಇನ್ನೊಂದು ಸಂಗತಿ, ಎರಡೂ ದೀಪಗಳಲ್ಲಿ ಇದೆಯೇ ಎಂಬುದು. ಹವೆಯಿಂದ ಬಂದ ಮಬ್ಬು ಹೆಚ್ಚುಕಡಿಮೆ ಎರಡರಲ್ಲೂ ಇರುತ್ತದೆ. ಒಂದೇ ದೀಪ ದಿನಗಟ್ಟಲೆ ಮಬ್ಬಾಗಿದ್ದು ಇನ್ನೊಂದು ತಿಳಿಯಾಗಿದ್ದರೆ ಆ ಒಂದರ ಕಿಂಡಿ ಮುಚ್ಚಿದೆ, ಇಲ್ಲವೇ ಎಲ್ಲೋ ಸೀಳಿದೆ. ಲೋಬೀಮ್ ಹಾಕಿ ಅರ್ಧ ಗಂಟೆ, ಒಂದು ಗಂಟೆ ಓಡಿಸಿ. ಕುಗ್ಗುತ್ತ ಬಂದರೆ ಸಾಕು, ಪೂರ್ತಿ ಹೋಗಬೇಕೆಂದಿಲ್ಲ. ಎಲ್‌ಇಡಿಯಾದರೆ ಒಂದೆರಡು ಒಣ ದಿನ ಕಾದು ನೋಡಬಹುದು.

ಕಿಂಡಿ ಮುಚ್ಚುವುದು ನಮ್ಮಲ್ಲಿ ಅಪರೂಪವಲ್ಲ. ಹೆದ್ದಾರಿ ಅಗಲಿಸುವ ಕೆಲಸದ ಕೆಂಪು ಧೂಳು ಮಳೆಗೆ ಕೆಸರಾಗಿ ನಳಿಗೆಯ ಬಾಯಿಯಲ್ಲಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಕಾರು ಹೆಚ್ಚು ದಿನ ನಿಂತರೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಬಲು ಇಷ್ಟ. ಬಾನೆಟ್ ಎತ್ತಿ, ದೀಪದ ಹಿಂದೆ ಕೈಯಾಡಿಸಿ, ನಳಿಗೆ ಇದ್ದರೆ ಬಿಡಿಸಿ ಊದಿ ನೋಡಿ. ಗಾಳಿ ಹೋದರೆ ಸರಿ. ಬಲ್ಬಿನ ಹಿಂದಿನ ಮುಚ್ಚಳವನ್ನು ಸುತ್ತಲೂ ಒತ್ತಿ ನೋಡಿ. ಬಲ್ಬು ಬದಲಿಸಿದ ಮರುದಿನದಿಂದ ಮಬ್ಬು ಶುರುವಾಗಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಳ ಸರಿಯಾಗಿ ಕೂತಿಲ್ಲ ಎಂದೇ ನನ್ನ ಅನಿಸಿಕೆ.

ಮಾಡಬಾರದ್ದನ್ನು ಒತ್ತಿ ಹೇಳಬೇಕು. ಕಿಂಡಿಗೆ ಸಿಲಿಕೋನ್ ಅಂಟು ಮೆತ್ತಿ ಮುಚ್ಚಬೇಡಿ. ಒಳಗಿದ್ದ ಆವಿಗೆ ಹೊರದಾರಿಯೇ ಇಲ್ಲದಾಗುತ್ತದೆ, ಎರಡು ಅಕ್ಕಿಮೂಟೆಯ ಒತ್ತಡ ಗ್ಲಾಸಿನ ಅಂಟಿನ ಮೇಲೆ ಬೀಳುತ್ತದೆ. ನೀರು ಇಳಿಯಲೆಂದು ತಳಕ್ಕೆ ಡ್ರಿಲ್ ಹಾಕಬೇಡಿ, ಇಳಿಯುವ ದಾರಿಯೇ ಹತ್ತುವ ದಾರಿಯೂ ಆಗುತ್ತದೆ, ವಾರಂಟಿಯೂ ಹೋಗುತ್ತದೆ. ವಾಟರ್ ಸರ್ವಿಸಿನವರಿಗೆ ದೀಪದ ಅಂಚಿಗೂ ಬಾನೆಟಿನ ಒಳಗಿಂದ ದೀಪದ ಬೆನ್ನಿಗೂ ಪೈಪು ಹಿಡಿಯಬೇಡಿ ಎಂದು ಮೊದಲೇ ಹೇಳಿ. ಹೊಳೆ ಉಕ್ಕಿ ರಸ್ತೆಗೆ ನೀರು ಬಂದಲ್ಲಿ, ದೀಪ ಕಾದಿರುವಾಗ ಬಂಪರ್ ಮುಳುಗುವಷ್ಟು ನೀರಿಗೆ ಇಳಿಸಬೇಡಿ. ಬಿಸಿ ದೀಪ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಕಿಂಡಿಯ ಬಾಯಿಯಲ್ಲಿ ಗಾಳಿಯ ಬದಲು ನೀರು ಸಿಕ್ಕರೆ ಅದನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಬಲ್ಬು ಬಿಚ್ಚಬಹುದಾದ ದೀಪದಲ್ಲಿ ಪಸೆ ಉಳಿದಿದ್ದರೆ, ಸೋರುವ ಜಾಗವನ್ನು ಸರಿಪಡಿಸಿದ ಮೇಲೆ, ದೀಪ ತಣ್ಣಗಿರುವಾಗ ಹಿಂದಿನ ಮುಚ್ಚಳ ತೆಗೆದು ಒಣ ಬಿಸಿಲಿನಲ್ಲಿ ಒಂದು ಹಗಲು ನಿಲ್ಲಿಸಿದರೆ ಸಾಕು. ನೀರು ನಿಂತ ದೀಪವನ್ನು ಹೊಸ ಕಾರಿನಲ್ಲಿ ಕಂಡರೆ ತಡಮಾಡದೆ ತೋರಿಸಿ. ಕಾರು ಒಯ್ಯುವ ಮೊದಲು ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳಿ, ಬೆಳಗ್ಗೆ ಒಮ್ಮೆ, ಒಂದು ಗಂಟೆ ದೀಪ ಉರಿಸಿದ ಮೇಲೆ ಇನ್ನೊಮ್ಮೆ. ತಲಪಾಡಿ ದಾಟುವಷ್ಟರಲ್ಲಿ ಮಬ್ಬು ಅಡಗಿಬಿಟ್ಟು, “ಏನೂ ಇಲ್ಲವಲ್ಲ” ಎಂದು ವಾಪಸು ಕಳಿಸಿದ್ದನ್ನು ಕೇಳಿದ್ದೇನೆ. ಕೌಂಟರಿನಲ್ಲಿ “ಮಬ್ಬಿದೆ” ಎನ್ನಬೇಡಿ. ಎಷ್ಟು ಹೊತ್ತು ದೀಪ ಉರಿಸಿದ ಮೇಲೂ ಉಳಿಯಿತು, ಒಂದರಲ್ಲೋ ಎರಡರಲ್ಲೋ, ಹನಿ ಹರಿದಿದೆಯೋ ಎಂಬುದನ್ನು ಹೇಳಿ.

ಭಾವನ ಕಾರಿನಲ್ಲಿ ಆಮೇಲೂ ಆ ಮಳೆಗಾಲದಲ್ಲಿ ಏಳೆಂಟು ಸಲ ಮಬ್ಬು ಬಂತು, ಪ್ರತಿ ಸಲವೂ ಎರಡೂ ದೀಪಗಳಲ್ಲಿ, ಪ್ರತಿ ಸಲವೂ ದಾರಿಯಲ್ಲೇ ಹೋಯಿತು. ಅವನೀಗ ದಿನ ಗುರುತಿಟ್ಟುಕೊಂಡು ನೋಡುತ್ತಾನೆ. ನನ್ನ ಕಾರಿಗೆ ಹ್ಯಾಲೊಜೆನ್ನನ್ನೇ ಮರಳಿ ಹಾಕಿಸಿ, ಹೊಸ ರಬ್ಬರ್ ಮುಚ್ಚಳ ತರಿಸಿದೆ. ನೀರು ಹೋಯಿತು, ಮಬ್ಬೂ ಹೋಯಿತು. ಎಡದೀಪದ ಕನ್ನಡಿಯಲ್ಲಿ ತಳದಿಂದ ಎರಡು ಬೆರಳು ಮೇಲೆ ಆ ನೀರಿನ ಗೆರೆ ಮಾತ್ರ ಹಾಗೆಯೇ ಇದೆ. ರಾತ್ರಿ ಗೋಡೆಯೆದುರು ಕಾರು ನಿಲ್ಲಿಸಿದರೆ ಬಲಗಡೆಯ ಬೆಳಕಿಗಿಂತ ಎಡಗಡೆಯದು ಮಂಕಾಗಿ ಬೀಳುತ್ತದೆ.